ಮನಿ ರಿಜಿಸ್ಟ್ರಿ ಆಯ್ತು, ಮಾಲೀಕತ್ವ ಪಕ್ಕಾ ಆಯ್ತೇನು? 'ಟೈಟಲ್ ಇನ್ಶೂರೆನ್ಸ್' ನಮ್ಮೂರಾಗ ಎಷ್ಟು ಕೆಲಸಕ್ಕೆ ಬರ್ತದ

ಕಲಬುರಗಿ: ಕಮಲಾಪುರದ ನಮ್ಮ ಸೋದರಮಾವ ಹೊಲದ ಒಂದು ತುಕಡಿ ಮಾರಿ, ಮೇಲೆ ಬ್ಯಾಂಕ್ ಸಾಲ ಮಾಡಿ, ಇಲ್ಲಿ ಹುಮನಾಬಾದ್ ರಸ್ತೆ ಕಡೆ ಒಂದು ಹಳೇ ಮನೆ ನೋಡಿದ್ದಾರೆ. 30-40 ಸೈಟು, ಕೆಳಗೆ ಎರಡು ಕೋಣೆ, ಮೇಲೆ ಪತ್ರಾಸ್ ಶೆಡ್ಡು. ಮಾತಾದ ಬೆಲೆ 32 ಲಕ್ಷ. 2 ಲಕ್ಷ ಸಂಚಕಾರ ಕೊಟ್ಟೂ ಆಗಿತ್ತು. ಆಗ ಬೆಂಗಳೂರಲ್ಲಿರೋ ಮಗ ಫೋನ್ ಮಾಡಿದ. ಅವನ ಜೊತೆ ಕೆಲಸ ಮಾಡ್ತಿದ್ದ ಒಬ್ಬ ಈಗ ಅಮೆರಿಕದಲ್ಲಿ ಮನೆ ತಗೊಂಡಿದ್ದಾನೆ. ಅಲ್ಲಿ ಮನೆ ತಗೊಳ್ಳೋವಾಗ 'ಓನರ್ಸ್ ಟೈಟಲ್ ಇನ್ಶೂರೆನ್ಸ್' ಅಂತ ಒಂದು ಪಾಲಿಸಿ ಮಾಡಿಸ್ತಾರೆ, ನಾಳೆ ಯಾರಾದ್ರೂ ಬಂದು 'ಈ ಮನೆ ನಂದು' ಅಂದ್ರೆ ಕಂಪನಿನೇ ಕೋರ್ಟಿಗೆ ಹೋಗ್ತದೆ, ಸೋತ್ರೆ ದುಡ್ಡೂ ಕೊಡ್ತದೆ ಅಂತ ಅವನು ಹೇಳಿದ್ನಂತೆ.

ಮಾವ ತಕ್ಷಣ ನನಗೆ ಹಚ್ಚಿದ್ರು. "ನೀ ಸುದ್ದಿ ಬರಿಯಾಂವ ಇದ್ದಿ, ಹಂತಾದೊಂದು ಇನ್ಶೂರೆನ್ಸ್ ನಮ್ಮಲ್ಲಿ ಸಿಗ್ತದೇನು ನೋಡು. ಹತ್ತಿಪ್ಪತ್ತು ಸಾವಿರ ಹೋದ್ರ ಹೋಗ್ಲಿ, ನಿದ್ದಿ ಆದ್ರೂ ಬರ್ತದ."

ಎರಡು ವಾರ ತಿರುಗಿದೆ. ಇನ್ಶೂರೆನ್ಸ್ ಏಜೆಂಟರು, ಬಾಂಡ್ ರೈಟರು, ಇಬ್ಬರು ವಕೀಲರು. ಈ ಪ್ರಶ್ನೆ ನಮ್ಮ ಮಾವನದ್ದು ಒಬ್ಬರದ್ದೇ ಅಲ್ಲ ಅನ್ನಿಸಿದ್ದರಿಂದ ಇಲ್ಲಿ ಬರೀತಿದ್ದೇನೆ.

ಶುಲ್ಕ ಡಬಲ್ ಆಯ್ತು, ಗ್ಯಾರಂಟಿ ಅಷ್ಟೇ ಇದೆ

2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. 32 ಲಕ್ಷದ ಮನೆಗೆ ಮೊದಲು 32 ಸಾವಿರ ಇದ್ದದ್ದು ಈಗ 64 ಸಾವಿರ. ಅದರ ಮೇಲೆ ಶೇ 5 ಮುದ್ರಾಂಕ ಶುಲ್ಕ ಅಂದ್ರೆ 1 ಲಕ್ಷ 60 ಸಾವಿರ, ಜೊತೆಗೆ ಸೆಸ್ಸು, ಸರ್‌ಚಾರ್ಜು. ಇಷ್ಟು ರೊಕ್ಕ ಸರ್ಕಾರಕ್ಕೆ ಕಟ್ಟಿ, ಸಬ್ ರಿಜಿಸ್ಟ್ರಾರ್ ಮುಂದೆ ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿಕೊಂಡು ಬಂದ ಮೇಲೆ ಯಾರಿಗಾದ್ರೂ ಅನ್ನಿಸೋದು ಒಂದೇ: ಸರ್ಕಾರ ಇದನ್ನ ನನ್ನ ಹೆಸರಿಗೆ ಮಾಡಿಕೊಟ್ಟಿದೆ.

ಅದು ಹಂಗಿಲ್ಲ. ನೋಂದಣಿ ಅಂದ್ರೆ ಇಂಥವನು ಇಂಥವನಿಗೆ ಮಾರಿದ ಅನ್ನೋ ಕಾಗದ ದಾಖಲಾಗೋದು. ಮಾರಿದವನಿಗೆ ಮಾರೋ ಹಕ್ಕಿತ್ತೋ ಇಲ್ಲವೋ ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಒಂದು ಪ್ರಕರಣದಲ್ಲಿ (ಕೆ. ಗೋಪಿ ಪ್ರಕರಣ) ಸುಪ್ರೀಂ ಕೋರ್ಟ್ ಇದನ್ನ ಬಿಡಿಸಿ ಹೇಳಿತು. ಮಾರುವವನ ಹಕ್ಕು ಸಾಬೀತಾಗಿಲ್ಲ ಅನ್ನೋ ಕಾರಣಕ್ಕೆ ಸಬ್ ರಿಜಿಸ್ಟ್ರಾರ್ ದಸ್ತಾವೇಜನ್ನ ತಿರಸ್ಕರಿಸುವಂತಿಲ್ಲ, ಹಕ್ಕು ಯಾರದು ಅಂತ ತೀರ್ಮಾನಿಸೋದು ಅವರ ಕೆಲಸವೇ ಅಲ್ಲ ಅಂತ. ಅದೇ ವರ್ಷ ನವೆಂಬರ್‌ನಲ್ಲಿ ಬಿಹಾರದ ಸಮೀವುಲ್ಲಾ ಪ್ರಕರಣದಲ್ಲೂ ಹೆಚ್ಚುಕಡಿಮೆ ಅದೇ ಮಾತು. ಮ್ಯುಟೇಶನ್ ಪುರಾವೆ ಇಲ್ಲದೆ ನೋಂದಣಿ ಇಲ್ಲ ಅಂತಿದ್ದ ಅಲ್ಲಿನ ನಿಯಮ ರದ್ದಾಯ್ತು. ನೋಂದಣಿ ಬೇರೆ, ಮಾಲೀಕತ್ವ ಬೇರೆ ಅಂತ ಕೋರ್ಟ್ ಮತ್ತೊಮ್ಮೆ ನೆನಪಿಸಿತು.

ಇನ್ನು ಇ-ಖಾತಾ. 2024ರ ಅಕ್ಟೋಬರ್‌ನಿಂದ ನಮ್ಮಲ್ಲಿ ಇ-ಖಾತಾ ಇಲ್ಲದೆ ರಿಜಿಸ್ಟ್ರಿ ಆಗಲ್ಲ. ಒಂದೇ ಸೈಟನ್ನ ಮೂವರಿಗೆ ಮಾರೋ ಆಟ ಇದರಿಂದ ಕಮ್ಮಿಯಾಗ್ತದೆ, ಅದು ಖರೇ. ಆದ್ರೆ ಖಾತಾ ಅನ್ನೋದು ತೆರಿಗೆ ಕಟ್ಟೋನು ಯಾರು ಅನ್ನೋ ದಾಖಲೆ. ಅಪ್ಪ ತೀರಿಕೊಂಡ ಮೇಲೆ ಒಬ್ಬ ಮಗ ಅಫಿಡವಿಟ್ ಕೊಟ್ಟು ತನ್ನ ಹೆಸರಿಗೆ ಖಾತಾ ಮಾಡಿಸಿಕೊಂಡಿದ್ರೆ, ಆ ಖಾತಾನೇ ಕಂಪ್ಯೂಟರ್‌ಗೆ ಏರಿ ಫೋಟೋ ಸಮೇತ ಇ-ಖಾತಾ ಆಗ್ತದೆ. ಉಳಿದ ಮಕ್ಕಳ ಪಾಲು ಅದರಿಂದ ಅಳಿಸಿ ಹೋಗಲ್ಲ.

ಅಮೆರಿಕದ್ದು ಏನು ಕತೆ

ಅಲ್ಲೂ ಸರ್ಕಾರ ಗ್ಯಾರಂಟಿ ಕೊಡಲ್ಲ. ಅಲ್ಲೂ ನಮ್ಮ ಹಂಗೇ ದಸ್ತಾವೇಜುಗಳ ನೋಂದಣಿ ಅಷ್ಟೇ. 1868ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ವಾಟ್ಸನ್ ಅನ್ನೋರು ಆಸ್ತಿ ತಗೊಂಡು ಮೋಸಹೋದ ಕೇಸು ಬಂತು. ಕಾಗದ ನೋಡಿದವನು ವಕೀಲರ ಅಭಿಪ್ರಾಯ ನಂಬಿ 'ಎಲ್ಲಾ ಸರಿ ಇದೆ' ಅಂದಿದ್ದ, ಸರಿ ಇರಲಿಲ್ಲ. ಆದ್ರೆ ಅವನು ನಿರ್ಲಕ್ಷ್ಯ ಮಾಡಿಲ್ಲ, ಪರಿಹಾರ ಕೊಡಬೇಕಿಲ್ಲ ಅಂತ ಕೋರ್ಟ್ ಹೇಳಿತು. ಅಂದ್ರೆ ತಪ್ಪು ಅಭಿಪ್ರಾಯದ ನಷ್ಟ ಪೂರಾ ಖರೀದಿದಾರನ ತಲೆ ಮೇಲೆ. ಆ ತೊಂದರೆಗೆ ಉತ್ತರವಾಗಿ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಟೈಟಲ್ ಇನ್ಶೂರೆನ್ಸ್ ಕಂಪನಿ ಹುಟ್ಟಿತು.

ಉಳಿದ ಇನ್ಶೂರೆನ್ಸ್ ಮುಂದೆ ಆಗೋ ಅನಾಹುತಕ್ಕೆ. ಇದು ಹಿಂದೆ ಆಗಿಹೋದ, ಆದ್ರೆ ನಮಗೆ ಗೊತ್ತಿಲ್ಲದ ದೋಷಕ್ಕೆ: ಖೊಟ್ಟಿ ಸಹಿ, ಕಾಣದ ವಾರಸುದಾರ, ತಪ್ಪಾಗಿ ದಾಖಲಾದ ಪತ್ರ. ಪ್ರೀಮಿಯಂ ಒಂದೇ ಸಲ. ಮನೆ ಇರೋವರೆಗೂ ರಕ್ಷಣೆ.

ಅಲ್ಲಿ ಎರಡು ಥರದ ಪಾಲಿಸಿ ಇವೆ. ಒಂದು ಸಾಲ ಕೊಟ್ಟ ಬ್ಯಾಂಕಿನದು, ಅದನ್ನ ಬ್ಯಾಂಕು ಕಡ್ಡಾಯ ಮಾಡಿಸ್ತದೆ. ಇನ್ನೊಂದು ಮಾಲೀಕನದು, ಬೇಕಾದ್ರೆ ಮಾತ್ರ. ಮೊದಲನೆಯದಕ್ಕೆ ಪ್ರೀಮಿಯಂ ಕಟ್ಟೋನು ಸಾಮಾನ್ಯವಾಗಿ ಖರೀದಿದಾರನೇ, ಆದ್ರೆ ಲಾಭ ಬ್ಯಾಂಕಿಗೆ. ಇದನ್ನ ಓದಿದಾಗ ನನಗೆ ನಮ್ಮ ಬ್ಯಾಂಕುಗಳ 'ಲೀಗಲ್ ಒಪಿನಿಯನ್' ನೆನಪಾಯ್ತು. ಅದಕ್ಕೂ ಫೀಸು ನಮ್ಮದೇ. ಆದ್ರೆ ಪ್ಯಾನಲ್ ವಕೀಲರು ಬರೆದುಕೊಡೋದು ಬ್ಯಾಂಕಿಗೆ. ನಮ್ಮ ಮಾವ "ಬ್ಯಾಂಕಿನವ್ರೇ ನೋಡ್ಯಾರ ಅಂದ್ಮ್ಯಾಲ ಇನ್ನೇನದ" ಅಂತ ಹತ್ತು ಸಲ ಅಂದಿದ್ರು. ಬ್ಯಾಂಕು ನೋಡೋದು ತನ್ನ ಸಾಲ ವಾಪಸ್ ಬರ್ತದೋ ಇಲ್ಲೋ ಅಂತ. ಮನೆ ಕೈತಪ್ಪಿದ್ರೂ ಕಂತು ಕಟ್ಟೋದು ನಿಲ್ಲಲ್ಲ. ಇನ್ನು ಒಪಿನಿಯನ್ ತಪ್ಪಾದ್ರೆ? ಬ್ಯಾಂಕಿಗೆ ಕೊಟ್ಟ ಅಭಿಪ್ರಾಯ ತಪ್ಪಾಯ್ತು ಅನ್ನೋ ಒಂದೇ ಕಾರಣಕ್ಕೆ ವಕೀಲರ ಮೇಲೆ ಕ್ರಿಮಿನಲ್ ಕೇಸು ನಿಲ್ಲಲ್ಲ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 1868ರ ಪೆನ್ಸಿಲ್ವೇನಿಯಾಕ್ಕೂ ನಮಗೂ ಬಹಳ ದೂರ ಇಲ್ಲ.

ನಮ್ಮಲ್ಲಿ ಸಿಗ್ತದಾ?

ಕಾನೂನಿನಲ್ಲಿ ಇದೆ. 2016ರ ರೇರಾ ಕಾಯ್ದೆಯ 16ನೇ ಕಲಂ ಪ್ರಕಾರ, ಸರ್ಕಾರ ಅಧಿಸೂಚನೆ ಹೊರಡಿಸಿದ ವಿಮೆಗಳನ್ನ ಬಿಲ್ಡರ್ ಮಾಡಿಸಬೇಕು, ಅದರಲ್ಲಿ ಜಮೀನು ಮತ್ತು ಕಟ್ಟಡದ ಟೈಟಲ್ ವಿಮೆಯೂ ಸೇರಿದೆ. ಪ್ರೀಮಿಯಂ ಬಿಲ್ಡರ್‌ನದ್ದು, ಕೊನೆಗೆ ಪಾಲಿಸಿಯ ಲಾಭ ಮನೆ ತಗೊಂಡವರಿಗೆ ವರ್ಗ ಆಗಬೇಕು. ಆದ್ರೆ 'ಸರ್ಕಾರ ಅಧಿಸೂಚನೆ ಹೊರಡಿಸಿದ' ಅನ್ನೋ ಆ ಮೂರು ಪದದಲ್ಲೇ ಎಲ್ಲಾ ನಿಂತಿದೆ. ಅಧಿಸೂಚನೆ ಇಲ್ಲದ ಕಡೆ ಆ ಕಲಂ ಪುಸ್ತಕದಲ್ಲಿ ಮಾತ್ರ. ಕೆಲವು ಜನರಲ್ ಇನ್ಶೂರೆನ್ಸ್ ಕಂಪನಿಗಳು ಟೈಟಲ್ ಪಾಲಿಸಿ ತಂದಿವೆ. ಆದ್ರೆ ಅವು ಹೆಚ್ಚಾಗಿ ದೊಡ್ಡ ಊರುಗಳ ದೊಡ್ಡ ಪ್ರಾಜೆಕ್ಟಿಗೆ, ಬಿಲ್ಡರ್ ಹೆಸರಲ್ಲಿ.

ಕಲಬುರಗಿಯಲ್ಲಿ ನಾನು ಮೂರು ಕಡೆ ಕೇಳಿದೆ. ಮೊದಲನೆಯವರು ಬೆಂಕಿ, ಪ್ರವಾಹಕ್ಕೆ ಪರಿಹಾರ ಕೊಡೋ 'ಭಾರತ್ ಗೃಹ ರಕ್ಷಾ' ಪಾಲಿಸಿಯ ಪಾಂಪ್ಲೆಟ್ ಕೈಗಿಟ್ಟರು. ಎರಡನೆಯವರು ಗೃಹ ಸಾಲದ ಜೊತೆ ಬರೋ ಜೀವ ವಿಮೆ ತೋರಿಸಿದರು. ಮೂರನೆಯವರು ಮಾತ್ರ ಕೇಳಿದ್ದೇನು ಅಂತ ಅರ್ಥ ಮಾಡಿಕೊಂಡು, "ಸರ್, ಅದು ಬಿಲ್ಡರ್ ಪಾಲಿಸಿ. ಒಂದು ಹಳೇ ಮನಿಗಿ, ಒಬ್ಬ ಮನುಷ್ಯಾಗ ನಮ್ಮ ಬ್ರಾಂಚ್‌ನಾಗ ಇಲ್ಲಿತನಕ ಒಂದೂ ಆಗಿಲ್ರಿ" ಅಂದರು.

ಇಲ್ಲೊಂದು ಗೊಂದಲ ಬಗೆಹರಿಸೋದು ಒಳ್ಳೆಯದು, ಯಾಕಂದ್ರೆ ಬಹಳ ಮಂದಿ 'ಮನಿ ಇನ್ಶೂರೆನ್ಸ್ ಆಗ್ಯದ' ಅಂತ ನೆಮ್ಮದಿಯಾಗಿ ಇದ್ದಾರೆ. ಸಾಲದ ಜೊತೆ ಬಂದ ಪಾಲಿಸಿ ನೀವು ಸತ್ರೆ ಸಾಲ ತೀರಿಸ್ತದೆ. ಗೃಹ ರಕ್ಷಾ ಪಾಲಿಸಿ ಗೋಡೆ ಬಿದ್ರೆ ದುಡ್ಡು ಕೊಡ್ತದೆ. ಗೋಡೆಯೂ ಗಟ್ಟಿ, ನೀವೂ ಗಟ್ಟಿ, ಮನೆ ಮಾತ್ರ ನಿಮ್ಮದಲ್ಲ ಅಂತ ಕೋರ್ಟ್ ಹೇಳಿದ್ರೆ ಎರಡೂ ಉಪಯೋಗಕ್ಕಿಲ್ಲ.

ಹಾಗಾದ್ರೆ ಹೊಸ ಅಪಾರ್ಟ್‌ಮೆಂಟ್, ಹೊಸ ಲೇಔಟಿನಲ್ಲಿ ತಗೊಳ್ಳೋರ ಕತೆ? ಅವರಿಗೆ ಒಂದು ಒಳ್ಳೆ ಆಸರೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ರೇರಾದ 18(2)ನೇ ಕಲಂ: ಜಮೀನಿನ ಹಕ್ಕು ದೋಷದಿಂದ ಖರೀದಿದಾರನಿಗೆ ನಷ್ಟವಾದ್ರೆ ಬಿಲ್ಡರ್ ಪರಿಹಾರ ಕೊಡಬೇಕು, ಅದಕ್ಕೆ ಕಾಲಮಿತಿ ಅಡ್ಡ ಬರಲ್ಲ. ಇಪ್ಪತ್ತು ವರ್ಷ ಬಿಟ್ಟು ಗೊತ್ತಾದ್ರೂ ಕೇಳಬಹುದು. ಬಿಲ್ಡರ್ ಅಲ್ಲಿವರೆಗೆ ಇರ್ತಾನಾ ಅನ್ನೋದು ಬೇರೆ ಪ್ರಶ್ನೆ. ಮತ್ತೆ 500 ಚದರ ಮೀಟರ್‌ಗಿಂತ ಸಣ್ಣ ಜಾಗ ಅಥವಾ 8ಕ್ಕಿಂತ ಹೆಚ್ಚಿಲ್ಲದ ಫ್ಲಾಟ್ ಇದ್ರೆ ರೇರಾ ನೋಂದಣಿನೇ ಬೇಕಿಲ್ಲ. ಸೇಡಂ ರಸ್ತೆ, ಜೇವರ್ಗಿ ರಸ್ತೆ ಕಡೆ ಒಬ್ಬ ಮೇಸ್ತ್ರಿ ಒಂದು ಸೈಟು ಹಿಡಿದು ಮನೆ ಕಟ್ಟಿ ಮಾರ್ತಾನಲ್ಲ, ಅಂಥವು ಈ ಲೆಕ್ಕಕ್ಕೆ ಬರಲ್ಲ. ನಮ್ಮ ಮಾವ ನೋಡಿದಂಥ ಹಳೇ ಮನೆ ಅಂತೂ ಬರೋದೇ ಇಲ್ಲ.

ಸಿಕ್ಕಿದ್ರೂ ಎಷ್ಟು ಕಾಯ್ತದೆ

ಒಂದು ವೇಳೆ ನಾಳೆ ಕಂಪನಿಗಳು ಸೂಪರ್ ಮಾರ್ಕೆಟ್‌ನಲ್ಲೇ ಆಫೀಸ್ ತೆಗೆದು ಇದನ್ನ ಮಾರಿದ್ರು ಅಂದುಕೊಳ್ಳಿ. ತಗೋಬೇಕಾ? ನನ್ನ ಅಭಿಪ್ರಾಯ: ಕಾಗದ ಎಲ್ಲಾ ಸ್ವಚ್ಛ ಇದ್ದು, ಪ್ರೀಮಿಯಂ ಮಿತಿಯಲ್ಲಿದ್ರೆ ತಗೊಳ್ಳಿ, ಖೊಟ್ಟಿ ಸಹಿ ಮತ್ತು ಕಾಣದ ವಾರಸುದಾರ ಇವೆರಡನ್ನ ಎಂಥ ವಕೀಲರೂ ನೂರಕ್ಕೆ ನೂರು ಹಿಡಿಯೋಕೆ ಆಗಲ್ಲ. ಆದ್ರೆ ಕಾಗದ ನೋಡೋದನ್ನ ತಪ್ಪಿಸಿಕೊಳ್ಳೋಕೆ ಅಂತ ತಗೊಂಡ್ರೆ ರೊಕ್ಕ ದಂಡ.

ಯಾಕಂದ್ರೆ ಪಾಲಿಸಿ ಕೊಡೋಕೆ ಮುಂಚೆ ಕಂಪನಿನೂ ಅದೇ ಕಾಗದ ನೋಡ್ತದೆ. ದೋಷ ಕಂಡ್ರೆ ಅದನ್ನ 'ಇದಕ್ಕೆ ಅನ್ವಯಿಸುವುದಿಲ್ಲ' ಅಂತ ಬರೆದು ಹೊರಗಿಡ್ತದೆ. ನಿಮಗೆ ಗೊತ್ತಿದ್ದು ಹೇಳದೆ ಇದ್ದ ದೋಷಕ್ಕೂ ದುಡ್ಡಿಲ್ಲ. ಅಂದ್ರೆ ತಂಗಿ ಸಹಿ ಇಲ್ಲ ಅಂತ ಗೊತ್ತಿದ್ದೂ 'ಇನ್ಶೂರೆನ್ಸ್ ಇದೆಯಲ್ಲ' ಅಂತ ತಗೊಂಡ್ರೆ, ಮುಂದೆ ತಂಗಿ ಕೇಸು ಹಾಕಿದ ದಿನ ಪಾಲಿಸಿ ಬರೀ ಕಾಗದ.

ಇನ್ನೊಂದು, ನಮ್ಮೂರಿನವರು ಬಾಯಿ ಬಿಟ್ಟು ಹೇಳದ ವಿಷಯ. 32 ಲಕ್ಷಕ್ಕೆ ಮಾತಾಡಿ 18 ಲಕ್ಷಕ್ಕೆ ರಿಜಿಸ್ಟ್ರಿ ಮಾಡ್ತಾರೆ, ಉಳಿದದ್ದು ಕ್ಯಾರಿ ಬ್ಯಾಗ್‌ನಲ್ಲಿ. ನಮ್ಮ ಮಾವನಿಗೂ ಮಾರೋನು ಇದೇ ಹೇಳಿದ್ದ, "ನಿಮಗೂ ಸ್ಟ್ಯಾಂಪ್ ಡ್ಯೂಟಿ ಉಳೀತದ" ಅಂತ. ಇನ್ಶೂರೆನ್ಸ್ ಇರಲಿ, ಕೋರ್ಟ್ ಇರಲಿ, ನಾಳೆ ನಷ್ಟ ಕೇಳೋವಾಗ ಲೆಕ್ಕಕ್ಕೆ ಬರೋದು ಪತ್ರದಲ್ಲಿ ಬರೆದ 18 ಲಕ್ಷ. ಕ್ಯಾರಿ ಬ್ಯಾಗಿನ 14 ಲಕ್ಷಕ್ಕೆ ಸಾಕ್ಷಿ ಯಾರು? ಅದೂ ಅಲ್ಲದೆ ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಮೇಲ್ಪಟ್ಟ ನಗದು ತಗೊಳ್ಳೋದನ್ನ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ತಗೊಂಡಷ್ಟೇ ದಂಡ ಬೀಳಬಹುದು. ಉಳಿಸೋ ಡ್ಯೂಟಿ ಲಕ್ಷದ ಆಸುಪಾಸು, ಒಡ್ಡೋ ಅಪಾಯ 14 ಲಕ್ಷ. ಈ ಲೆಕ್ಕ ಮಾಡಿ ತೋರಿಸಿದ ಮೇಲೆ ಮಾವ ಒಂದು ನಿಮಿಷ ಸುಮ್ಮನಿದ್ದು, ಪೂರ್ತಿ ಬೆಲೆಗೇ ಪತ್ರ ಮಾಡಿಸೋದು ಅಂದ್ರು.

ನಮ್ಮ ಭಾಗದ ಕಾಗದದಲ್ಲಿ ಅಡಗಿರೋದು

ಬೆಂಗಳೂರಿನ ವಕೀಲರು ಬರೆದ ಚೆಕ್‌ಲಿಸ್ಟು ಮೊಬೈಲಿನಲ್ಲಿ ಬೇಕಾದಷ್ಟು ಸಿಗ್ತವೆ. ಆದ್ರೆ ನಮ್ಮ ಜಿಲ್ಲೆಯ ಜಮೀನಿನ ಚರಿತ್ರೆ ಬೇರೆ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ಸಂಸ್ಥಾನದಲ್ಲಿ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಇದ್ದೋರು. ಹಳೇ ದಾಖಲೆ ಉರ್ದುವಿನಲ್ಲಿ, ಇಸವಿ ಫಸಲಿಯಲ್ಲಿ. ಫಸಲಿಗೆ 590 ಕೂಡಿಸಿದ್ರೆ ಈಗಿನ ಇಸವಿ ಬರ್ತದೆ. ಜಾಗೀರು 1949ರಲ್ಲಿ ರದ್ದಾದವು, ಆಮೇಲೆ ಇನಾಂ ಜಮೀನು, ಹೈದರಾಬಾದಿನ 1950ರ ಗೇಣಿ ಕಾನೂನು, 1974ರ ಭೂ ಸುಧಾರಣೆ. ಒಂದೇ ಸರ್ವೆ ನಂಬರಿನ ಮೇಲೆ ಇಷ್ಟು ಕಾನೂನು ಹಾದುಹೋಗಿವೆ. ನಮ್ಮ ಹೈಕೋರ್ಟ್ ಪೀಠದ ಜಮೀನು ತೀರ್ಪುಗಳನ್ನ ತೆಗೆದು ನೋಡಿ, ಸೇತ್ವಾರ್, ಖಾಸ್ರಾ ಪಹಣಿ ಅನ್ನೋ ಪದಗಳು ಮತ್ತೆ ಮತ್ತೆ ಬರ್ತವೆ. ಇವತ್ತು 30-40 ಸೈಟು ಆಗಿರೋ ಜಾಗ ಆವತ್ತು ಯಾರದೋ ಹೊಲ.

ಇಸಿ ಅಂತೀವಲ್ಲ, ಋಣಭಾರ ಪತ್ರ, ಅದು ಕಾವೇರಿ ವೆಬ್‌ಸೈಟಿನಲ್ಲಿ ಮನೇಲಿ ಕೂತೇ ಸಿಗ್ತದೆ, ಆದ್ರೆ 2004ರ ಏಪ್ರಿಲ್‌ನಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ಹಳೇ ಪುಸ್ತಕ ತೆಗೆಸಬೇಕು. ಮಾರೋರು ಮೊಬೈಲಲ್ಲಿ ಇಸಿ ತೋರಿಸಿ "ನಿಲ್ ಅದ ನೋಡ್ರಿ" ಅಂದ್ರೆ, ಯಾವ ವರ್ಷದಿಂದ ಅಂತ ಕೇಳಿ. ಕಮಲಾಪುರದವರಿಗೆ ಇನ್ನೊಂದು ತೊಡಕು. ತಾಲೂಕು ಆಗಿದ್ದು 2018ರಲ್ಲಿ. ಅದಕ್ಕಿಂತ ಹಿಂದಿನ ಪತ್ರಗಳಲ್ಲಿ 'ಗುಲಬರ್ಗಾ ತಾಲೂಕು' ಅಂತಲೇ ಇರ್ತದೆ, ಹುಡುಕೋವಾಗ ಎರಡೂ ಹೆಸರಲ್ಲಿ ಹುಡುಕಿಸಬೇಕು. ತಾಲೂಕು ಕಚೇರಿಗಳ ಹಳೇ ಕಡತ ಸ್ಕ್ಯಾನ್ ಮಾಡೋ 'ಭೂ ಸುರಕ್ಷಾ' ಕೆಲಸ ನಡೀತಿದೆ, ಅದು ಮುಗಿದ್ರೆ ಈ ಅಲೆದಾಟ ಸ್ವಲ್ಪ ಕಮ್ಮಿಯಾಗಬಹುದು.

ಇಸಿಯಲ್ಲಿ ಕಾಣದ್ದು ಬಹಳ ಇದೆ. ಮನೆ ಮಂದಿ ಬಾಯಿಮಾತಲ್ಲಿ ಮಾಡಿಕೊಂಡ ವಾಟ್ನಿ ಕಾಣಲ್ಲ. ನೋಂದಾಯಿಸದ ಮೃತ್ಯುಪತ್ರ ಕಾಣಲ್ಲ. ಮುಸ್ಲಿಂ ಕುಟುಂಬಗಳಲ್ಲಿ ಹಿಬಾ, ಅಂದ್ರೆ ದಾನ, ಬಾಯಿಮಾತಲ್ಲಿ ಕೊಟ್ಟು ಸ್ವಾಧೀನ ಬಿಟ್ಟುಕೊಟ್ರೂ ಕಾನೂನುಬದ್ಧ, ಅದಕ್ಕೆ ನೋಂದಣಿ ಬೇಕಿಲ್ಲ. ನಮ್ಮಂಥ ಊರಲ್ಲಿ ಇದನ್ನ ಕೇಳದೆ ಬಿಡಬಾರದು. ಕೋರ್ಟಲ್ಲಿ ನಡೀತಿರೋ ದಾವೆಯೂ ಸಾಮಾನ್ಯವಾಗಿ ಇಸಿಯಲ್ಲಿ ಇರಲ್ಲ. ದಾವೆ ನಡೆಯುವಾಗ ತಗೊಂಡ್ರೆ, ತೀರ್ಪು ಏನು ಬರ್ತದೋ ಅದು ತಗೊಂಡವನಿಗೂ ಬಂತು. 'ನನಗ ಗೊತ್ತಿರಲಿಲ್ಲ' ಅನ್ನೋದು ನಡೆಯಲ್ಲ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಮಾರೋನ ಹೆಸರು, ಅವನ ಅಪ್ಪನ ಹೆಸರು ಹಾಕಿ ಹುಡುಕೋದಕ್ಕೆ ಒಂದು ಪೈಸೆ ಖರ್ಚಿಲ್ಲ. ಹೆಸರಿನ ಸ್ಪೆಲ್ಲಿಂಗ್ ನಾಲ್ಕು ಥರ ಹಾಕಿ ನೋಡಬೇಕು ಅಷ್ಟೇ.

ಹಳ್ಳಿ ಕಡೆ, ಮಹಾಗಾಂವ, ಕಮಲಾಪುರ ಸುತ್ತಮುತ್ತ ಹೊಲ ಒಡೆದು ಮಾಡಿದ ಪ್ಲಾಟು ತಗೊಳ್ಳೋರು ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು, ಆ ಹೊಲ ಸರ್ಕಾರದಿಂದ ಪರಿಶಿಷ್ಟರಿಗೆ ಮಂಜೂರಾದದ್ದೋ ಅನ್ನೋದು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅಂಥ ಜಮೀನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ರೆ ಮಾರಾಟವೇ ಅಸಿಂಧು. ತಡವಾಗಿ ಅರ್ಜಿ ಹಾಕಿದ್ದಾರೆ ಅನ್ನೋ ಕಾರಣಕ್ಕೆ 2017ರ ನಂತರ ಕೋರ್ಟುಗಳಲ್ಲಿ ಬಹಳ ಕೇಸು ಬಿದ್ದುಹೋಗ್ತಿದ್ದವು. 2023ರ ತಿದ್ದುಪಡಿ ಆ ಕಾಲಮಿತಿಯನ್ನೇ ತೆಗೆದುಹಾಕಿತು. ನನ್ನ ಮಟ್ಟಿಗೆ ಆ ಕಾನೂನು ಸರಿಯಾದದ್ದೇ. ಒಂದು ಚೀಲ ಜೋಳಕ್ಕೆ, ಒಂದು ಮದುವೆ ಸಾಲಕ್ಕೆ ಎಷ್ಟು ಎಕರೆ ಕೈಬಿಟ್ಟು ಹೋಗಿವೆ ಅಂತ ನಮ್ಮ ಹಳ್ಳಿಗಳಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಆದ್ರೆ ಅದೇ ಹೊಲ ನಾಲ್ಕು ಕೈ ದಾಟಿ ಪ್ಲಾಟ್ ಆದ ಮೇಲೆ ಕೊನೆಗೆ ತಗೊಂಡ ಮಾಸ್ತರೋ, ಬಸ್ ಕಂಡಕ್ಟರೋ ಉಪವಿಭಾಗಾಧಿಕಾರಿ ಕೋರ್ಟಿನ ಮುಂದೆ ನಿಲ್ತಾರೆ. ನಡುವೆ ಲಾಭ ಮಾಡಿದ ದಲ್ಲಾಳಿ ಅಲ್ಲಿರಲ್ಲ. ಮೂಲ ಮಂಜೂರಾತಿ ಕಡತದ ನಕಲು ತಹಶೀಲ್ದಾರ್ ಕಚೇರಿಯಿಂದ ತೆಗೆಸಿ ನೋಡೋದೇ ಇದಕ್ಕೆ ದಾರಿ.

ಪಹಣಿಯಲ್ಲಿ ಎಲ್ಲರೂ 9ನೇ ಕಾಲಂ ನೋಡ್ತಾರೆ, ಮಾಲೀಕನ ಹೆಸರಿಗೆ. 11ನೇ ಕಾಲಂ ಓದಿ, ಅಲ್ಲಿ ಸಾಲ, ಇತರೆ ಹಕ್ಕು ಇರ್ತವೆ. 2024ರಲ್ಲಿ ವಿಜಯಪುರ, ಕಲಬುರಗಿ ಕಡೆ ವಕ್ಫ್ ನಮೂದಿನ ಗದ್ದಲ ಎದ್ದಾಗ ರಾಜ್ಯವೆಲ್ಲಾ ಆ 11ನೇ ಕಾಲಂ ಹೆಸರು ಕೇಳಿತು. ಸರ್ವೆ ನಂಬರ್ ಹಾಕಿ ದಿಶಾಂಕ್ ಆ್ಯಪ್‌ನಲ್ಲಿ ನೋಡಿದ್ರೆ ಅದು ಸರ್ಕಾರಿ ಜಾಗವೋ, ಹಳ್ಳವೋ ಅಂತ ಮೇಲ್ನೋಟಕ್ಕೆ ಗೊತ್ತಾಗ್ತದೆ. ಪಂಚಾಯಿತಿ ಆಸ್ತಿಯಾದ್ರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯೋ, ಬರೀ 11ಬಿ ಇದೆಯೋ ಅಂತ ನೋಡಿ, ಎರಡೂ ಒಂದೇ ಅಲ್ಲ. ಇನ್ನು ನೋಟರಿ ಬಾಂಡ್ ಮೇಲೆ, ಜಿಪಿಎ ಮೇಲೆ ಪ್ಲಾಟ್ ತಗೊಳ್ಳೋದು ಈಗಲೂ ನಿಂತಿಲ್ಲ. ಅದರಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿ 2011ಕ್ಕೇ ಆಯ್ತು.

ಇಬ್ಬರು ಅಕ್ಕತಂಗಿಯರು

ಮಾವ ನೋಡಿದ ಮನೆಗೆ ಬರ್ತೀನಿ. ಕೊನೆಗೆ ಒಬ್ಬ ಹಿರಿಯ ವಕೀಲರ ಹತ್ತಿರ ಹೋದ್ವಿ, ಬ್ಯಾಂಕಿನವರಲ್ಲ, ನಮ್ಮದೇ ಕಡೆಯವರು. ಎಂಟು ಸಾವಿರ ಫೀಸು. ಮಾವ ಗೊಣಗಿದ್ರು. ಸಾಹೇಬ್ರು ಕಾಗದ ತಿರುವಿ ಹಾಕಿ ಕೇಳಿದ ಮೊದಲ ಪ್ರಶ್ನೆ: "ಮಾರಾವ್ರಿಗಿ ಅಕ್ಕತಂಗೇರು ಎಷ್ಟ್ ಮಂದಿ?"

ಮನೆ ಮಾರೋನ ಅಪ್ಪ 1980ರ ದಶಕದಲ್ಲಿ ಸ್ವಂತ ದುಡಿಮೆಯಿಂದ ತಗೊಂಡದ್ದು. ಅವರು ಮೃತ್ಯುಪತ್ರ ಬರೆಯದೆ ತೀರಿಕೊಂಡರು, ಆಮೇಲೆ ಅವರ ಹೆಂಡತಿಯೂ. ಮಕ್ಕಳು ಮೂವರು, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಖಾತಾ ಮಗನ ಹೆಸರಿಗೆ. ಇ-ಖಾತಾನೂ ಬಂದಿದೆ. ಇಸಿ ನಿಲ್. ಬ್ಯಾಂಕಿನ ಒಪಿನಿಯನ್ ಕೂಡ ಬಂದಿತ್ತು, ಅದರ ಕೊನೇ ಪುಟದಲ್ಲಿ ಸಣ್ಣದಾಗಿ 'ವಂಶವೃಕ್ಷ ಮತ್ತು ಇತರ ವಾರಸುದಾರರ ಒಪ್ಪಿಗೆ ಪಡೆಯತಕ್ಕದ್ದು' ಅಂತ ಒಂದು ಸಾಲು ಇತ್ತು. ಅದನ್ನ ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಅಪ್ಪನ ಸ್ವಯಾರ್ಜಿತ ಆಸ್ತಿ, ಮೃತ್ಯುಪತ್ರ ಇಲ್ಲ ಅಂದ್ರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮಗನಿಗೂ ಮಗಳಿಗೂ ಸಮಪಾಲು. ಇದು ಹೊಸ ಕಾನೂನಲ್ಲ, ಸುಮಾರು ಎಪ್ಪತ್ತು ವರ್ಷದ್ದು. ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳು ಹುಟ್ಟಿನಿಂದಲೇ ಸಮಾನ ಪಾಲುದಾರಳು, ಅಪ್ಪ 2005ಕ್ಕಿಂತ ಮೊದಲೇ ತೀರಿಕೊಂಡಿದ್ರೂ ಅಷ್ಟೇ ಅಂತ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಮನೆಯಲ್ಲಿ ಮಾರೋನ ಪಾಲು ಮೂರರಲ್ಲಿ ಒಂದು. 32 ಲಕ್ಷದಲ್ಲಿ 21 ಲಕ್ಷದ ಮೇಲಿನ ಭಾಗ ಅವನದ್ದಲ್ಲ. ಅವನೊಬ್ಬನೇ ಸಹಿ ಮಾಡಿದ್ರೆ ಮಾವನಿಗೆ ಸಿಗೋದು ಮೂರನೇ ಒಂದು ಪಾಲು ಮತ್ತು ಒಂದು ವಾಟ್ನಿ ದಾವೆ.

ಮಾರೋನನ್ನ ಕೇಳಿದ್ರೆ, "ಅವ್ರೇನ್ ಕೇಳಾವ್ರಲ್ರಿ, ಲಗ್ನಾದಾಗ ಕೊಟ್ಟೀವಿ" ಅಂದ. ಈ ಮಾತು ನಮ್ಮ ಕಡೆ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಮದುವೇಲಿ ಕೊಟ್ಟಿದ್ದಕ್ಕೆ ಆಸ್ತಿ ಹಕ್ಕು ಹೋಗಲ್ಲ. ಬಿಟ್ಟುಕೊಡೋದಾದ್ರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು, ಇಲ್ಲಾಂದ್ರೆ ಖರೀದಿ ಪತ್ರದಲ್ಲೇ ಮೂವರೂ ಮಾರಾಟಗಾರರಾಗಿ ಸಹಿ ಹಾಕಬೇಕು. ವಕೀಲ್ ಸಾಹೇಬ್ರು ಎರಡನೇ ದಾರಿ ಹೇಳಿದ್ರು, ಪ್ರತಿಯೊಬ್ಬರ ಪಾಲಿನ ದುಡ್ಡು ಅವರವರ ಬ್ಯಾಂಕ್ ಖಾತೆಗೇ ಹೋಗಲಿ ಅಂತ. ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿ ಕೈಗೆ ಬರೋದು ನಮ್ಮೂರಲ್ಲಿ ಹೀಗೇ, ಯಾರೋ ಖರೀದಿದಾರ ತನ್ನ ರೊಕ್ಕಕ್ಕೆ ಹೆದರಿದಾಗ.

ಪೇಪರಿನಲ್ಲಿ ಸಾರ್ವಜನಿಕ ಪ್ರಕಟಣೆ ಕೊಡೋದೂ ಒಳ್ಳೇದು, 'ಆಕ್ಷೇಪಣೆ ಇದ್ದಲ್ಲಿ ಇಷ್ಟು ದಿನದೊಳಗೆ' ಅಂತ. ಆದ್ರೆ ಇಂಥ ಪ್ರಕಟಣೆಯನ್ನ ಯಾರೂ ಓದದ ಪೇಪರಿಗೇ ಕೊಡೋ ಚಾಳಿ ಇದೆ. ಅಕ್ಕತಂಗಿಯರು ಇರೋ ಊರಲ್ಲಿ ಬರೋ ಪೇಪರಿಗೆ ಕೊಟ್ಟರೆ ಮಾತ್ರ ಅದಕ್ಕೆ ಬೆಲೆ. ಖರೀದಿ ಪತ್ರದಲ್ಲಿ ಹಕ್ಕು ದೋಷ ಬಂದ್ರೆ ನಷ್ಟ ತುಂಬಿಕೊಡುವ ಷರತ್ತು ಎಲ್ಲರೂ ಬರೆಸ್ತಾರೆ, ಬರೆಸದಿದ್ರೂ ಮಾರೋನಿಗೆ ಮಾರೋ ಹಕ್ಕಿದೆ ಅನ್ನೋ ಭರವಸೆ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂನಲ್ಲಿ ತಾನಾಗೇ ಇದೆ. ಆದ್ರೆ ಮನೆ ಮಾರಿ ಊರು ಬಿಟ್ಟವನಿಂದ ವಸೂಲಿ ಮಾಡೋದು ಹೇಗೆ? ಅಲ್ಲಿ ಟೈಟಲ್ ಇನ್ಶೂರೆನ್ಸ್ ನಿಜಕ್ಕೂ ಬೇಕಿತ್ತು ಅನ್ನಿಸ್ತದೆ, ಕಂಪನಿ ಊರು ಬಿಟ್ಟು ಹೋಗಲ್ಲ.

ಸರ್ಕಾರವೇ ಗ್ಯಾರಂಟಿ ಕೊಟ್ರೆ?

ಇದು ಕನಸಲ್ಲ. 1858ರಲ್ಲೇ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ತಂದ ಪದ್ಧತಿಯಲ್ಲಿ ಸರ್ಕಾರದ ರಿಜಿಸ್ಟರಿನಲ್ಲಿ ಹೆಸರಿದ್ದವನೇ ಮಾಲೀಕ, ತಪ್ಪಾದ್ರೆ ಸರ್ಕಾರದ ನಿಧಿಯಿಂದ ಪರಿಹಾರ. ಅಮೆರಿಕದಲ್ಲೇ ಅಯೋವಾ ಅನ್ನೋ ರಾಜ್ಯ ಖಾಸಗಿ ಟೈಟಲ್ ಇನ್ಶೂರೆನ್ಸ್ ಮಾರಾಟಕ್ಕೆ ಅವಕಾಶವನ್ನೇ ಕೊಟ್ಟಿಲ್ಲ, ರಾಜ್ಯದ ಸಂಸ್ಥೆಯೇ ಗ್ಯಾರಂಟಿ ಕೊಡ್ತದೆ. ನಮ್ಮ ದೇಶದಲ್ಲೂ 2008ರಿಂದ ಭೂ ದಾಖಲೆ ಆಧುನೀಕರಣದ ಗುರಿ ಅದೇ ಅಂತ ಹೇಳಿಕೊಂಡು ಬಂದಿದ್ದಾರೆ, 2020ರಲ್ಲಿ ನೀತಿ ಆಯೋಗ ಮಾದರಿ ಕಾನೂನು ಬರೆದುಕೊಟ್ಟಿತು. ಆಂಧ್ರಪ್ರದೇಶ ಟೈಟ್ಲಿಂಗ್ ಕಾಯ್ದೆ ಮಾಡಿ 2023ರ ಅಕ್ಟೋಬರ್ 31ರಂದು ಜಾರಿಗೂ ತಂದಿತು. ಅಧಿಕಾರಿ ಬರೆದದ್ದೇ ಅಂತಿಮವಾದ್ರೆ ನಮ್ಮ ಹೊಲದ ಗತಿ ಏನು ಅಂತ ರೈತರು ಹೆದರಿದರು, ಅದು ಚುನಾವಣೆ ವಿಷಯವಾಯ್ತು, ಹೊಸ ಸರ್ಕಾರ ಬಂದು 2024ರಲ್ಲಿ ರದ್ದು ಮಾಡಿತು. ದಾಖಲೆಯೇ ಸರಿ ಇಲ್ಲದ ಕಡೆ ಅದಕ್ಕೆ ಮುದ್ರೆ ಒತ್ತೋದು ಅಪಾಯವೇ. ಆದ್ರೆ ಶೇ 2 ನೋಂದಣಿ ಶುಲ್ಕ ತಗೊಳ್ಳೋ ಸರ್ಕಾರ ಅದರಲ್ಲಿ ಒಂದು ಸಣ್ಣ ಪಾಲು ತೆಗೆದಿಟ್ಟು, ಖೊಟ್ಟಿ ಪತ್ರದಿಂದ ಮನೆ ಕಳಕೊಂಡವರಿಗೆ ನಿಧಿ ಮಾಡಬಹುದಲ್ಲ? ರೇರಾ 16ನೇ ಕಲಂಗಾದ್ರೂ ಸರಿಯಾಗಿ ಜೀವ ಕೊಡಬಹುದು. ನಮ್ಮ ಶಾಸಕರು ಇದನ್ನ ಕೇಳಲಿ ಅಂತ ನನ್ನ ಆಸೆ.

ಮಾವನ ವಿಷಯ ಸದ್ಯಕ್ಕೆ ಹೀಗಿದೆ. ಒಬ್ಬ ತಂಗಿ ಇಲ್ಲೇ ಶಹಾಬಜಾರ್‌ನಲ್ಲಿದ್ದಾರೆ, ಸಹಿ ಮಾಡ್ತೀನಿ ಅಂದಿದ್ದಾರೆ. ಅಕ್ಕ ಸೊಲ್ಲಾಪುರದಲ್ಲಿ. ಅವರಿಗೆ ಮನೆ ಮಾರ್ತಿರೋ ಸುದ್ದಿನೇ ಗೊತ್ತಿರಲಿಲ್ಲ, ಫೋನಲ್ಲಿ ಬಹಳ ಹೊತ್ತು ಅತ್ತರಂತೆ, ಆಮೇಲೆ ಶ್ರಾವಣ ಮುಗಿದ ಮೇಲೆ ಬರ್ತೀನಿ ಅಂದರಂತೆ. ಸಂಚಕಾರದ ಕರಾರನ್ನ ವಕೀಲರು ಹೊಸದಾಗಿ ಬರೆದಿದ್ದಾರೆ: ಮೂವರೂ ಬಂದು ಸಹಿ ಹಾಕಿದ್ರೆ ರಿಜಿಸ್ಟ್ರಿ, ಇಲ್ಲಾಂದ್ರೆ 2 ಲಕ್ಷ ವಾಪಸ್. ಮಾರೋನು ಒಂದು ದಿನ ಮುನಿಸಿಕೊಂಡು ಎರಡನೇ ದಿನ ಸಹಿ ಮಾಡಿದ. ಇನ್ಶೂರೆನ್ಸ್ ಸಿಗಲಿಲ್ಲ ಅಂತ ಬೆಂಗಳೂರಿನ ಮಗನಿಗೆ ಮಾವನೇ ಫೋನ್ ಮಾಡಿ ಹೇಳಿದ್ರು.